ಪರದೆ ಎಳೆದ ಕಾರು

"ನಾ ಒಲ್ಲೆ," ಎಂದು ಗಂಗಣ್ಣ ಕಾರಿನ ಕೀಲಿಯನ್ನು ಸ್ಟ್ಯಾಂಡಿನ ಕಿರಿಯ ಡ್ರೈವರ್ ಬಾಲರಾಜುವಿನ ಕೈಗೇ ವಾಪಸು ತುರುಕಿದ. "ಬ್ಯಾರೆ ಯಾರಿಗರ ಕೊಡು."

"ಪಾಳಿ ನಿಂದೈತಲ್ಲಣ್ಣಾ. ಇನ್ಯಾರಿಗೆ ಕೊಡ್ಲಿ?"

ರಾಯದುರ್ಗದ ಟ್ಯಾಕ್ಸಿ ಸ್ಟ್ಯಾಂಡಿನವರದು ಒಂದು ಕಟ್ಟಳೆ. ಡ್ರೈವರೊಬ್ಬ ತೀರಿಕೊಂಡರೆ ಅವನ ಕಾರು ಹೆಣದ ಹಿಂದೆ ಖಾಲಿಯಾಗಿ ಸ್ಮಶಾನದವರೆಗೂ ಹೋಗಬೇಕು. ಅಂದು ಬೆಳಗ್ಗೆ ಯಾರ ಪಾಳಿ ಮೊದಲೋ ಅವನೇ ಓಡಿಸಬೇಕು. ನಿನ್ನೆ ಸಂಜೆ ಎದೆನೋವಿನಿಂದ ಸತ್ತವನು ರಂಗನಾಥ್. ಮೂರು ದಿನದಿಂದ ಒಂದು ಬಾಡಿಗೆಯೂ ಸಿಗದೆ ಮೊದಲ ಪಾಳಿಯಲ್ಲೇ ಬೇರುಬಿಟ್ಟು ಕೂತಿದ್ದ ಪುಣ್ಯಾತ್ಮ ನಮ್ಮ ಗಂಗಣ್ಣ!

"ಸ್ಟ್ಯಾಂಡ್ ಬಿಟ್ಟು ಹೋದಂವಗ ಸ್ಟ್ಯಾಂಡಿನ ಮರ್ಯಾದಿ ಯಾಕ?"

"ಸತ್ತಾನಣ್ಣಾ. ಇನ್ನೂ ಯಾಕ ಹೊಟ್ಟೆಕಿಚ್ಚು?"

ಹೊಟ್ಟೆಕಿಚ್ಚೇ, ಮತ್ತೇನು! ರಂಗನಾಥನ ಮನೆಯಂಗಳದ ತುಂಬ ಜನ. ಗುಮ್ಮಘಟ್ಟದ ಕುರಿಯವರು, ಜೀನ್ಸ್ ಹೊಲಿಯುವ ಟೈಲರುಗಳು, ಹೆರಿಗೆಗೆ ರಂಗನಾಥನ ಕಾರಿನಲ್ಲೇ ಬಳ್ಳಾರಿಗೆ ಹೋಗಿದ್ದ ಈರಕ್ಕ. ನಾನು ಸತ್ತರೆ ಇದರಲ್ಲಿ ಅರ್ಧವಾದರೂ ಬಂದಾರೆಯೇ ಎಂದು ಗಂಗಣ್ಣ ಆಗಲೇ ಲೆಕ್ಕ ಹಾಕಿದ್ದ. ನಾಚಿಕೆಯೂ ಆಗಿರಲಿಲ್ಲ.

*

ವರ್ಷದ ಹಿಂದಿನ ಮಾತು. ಇಪ್ಪತ್ತಾರು ವರ್ಷ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಜೊತೆಗೆ ಬುತ್ತಿ ಬಿಚ್ಚಿದ ರಂಗನಾಥ್ ಹೊಸ ಫೋನು ಹಿಡಿದು ಬಂದ.

"ಗಂಗ್ಯಾ, ಈ ಆ್ಯಪ್ ನೀನೂ ಹಾಕ್ಕೊ, ಬಾಡಿಗಿ ಫೋನಿಗೇ ಬರ್ತಾವ. ಇಲ್ಲಿ ಕುಂತ್ರ ಬೋಣಿನೂ ಆಗಂಗಿಲ್ಲ."

"ಪಾಳಿ ತಪ್ಸಿ ದುಡಿಯೋದು ನನಗ ಬ್ಯಾಡ. ಹೋಗು. ಹೋದ್ಮ್ಯಾಗ ಈ ಮರದ ನೆಳ್ಳಿಗೆ ಮತ್ತ ಬರಬ್ಯಾಡ."

ರಂಗನಾಥ್ ಹೋದ. ಮತ್ತೆ ಬರಲಿಲ್ಲ. ಆದರೆ ದಿನಕ್ಕೆ ನಾಲ್ಕು ಸಲ ಅವನ ಬಿಳಿ ಇಂಡಿಕಾ ಸ್ಟ್ಯಾಂಡಿನ ಮುಂದೆಯೇ ಹಾದುಹೋಗುತ್ತಿತ್ತು. ಹಿಂದಿನ ಕಿಟಕಿಗಳಿಗೆ ಹೆಂಡತಿ ಪದ್ಮಾವತಮ್ಮ ಹೊಲಿದುಕೊಟ್ಟ ನೀಲಿ ಪರದೆ. ಪರದೆ ಎಳೆದಿದೆ ಎಂದರೆ ಒಳಗೆ ಹೆಂಗಸರೋ ರೋಗಿಗಳೋ, ಅಂತೂ ಬಾಡಿಗೆ ಇದೆ ಎಂದೇ ಲೆಕ್ಕ.

"ನಾಲ್ಕನೇದು! ಇವತ್ತಿಗೆ ನಾಲ್ಕನೇದು ನೋಡೋ ಬಾಲರಾಜಾ!" ಎಂದು ಗಂಗಣ್ಣ ಉರಿದುಬೀಳುತ್ತಿದ್ದ. ಮಧ್ಯಾಹ್ನದ ಬುತ್ತಿ ಹಾಗೇ ಮನೆಗೆ ವಾಪಸಾಗುತ್ತಿತ್ತು.

*

ಹೆಣದ ಬಳಿ ಕೂತಿದ್ದ ಪದ್ಮಾವತಮ್ಮ ತಾನೇ ಎದ್ದು ಬಂದಳು.

"ಗಂಗಣ್ಣಾ, ನೀವ ಓಡಿಸ್ರಿ. ಬ್ಯಾರೆದವ್ರು ಬ್ಯಾಡ."

"ನಾನ್ಯಾಕ್ರಿ ಅಕ್ಕಾರ? ದಿನಾ ನಾಲ್ಕು ಬಾಡಿಗಿ ಕೊಟ್ಟ ಆ್ಯಪಿನವ್ರು ಬರ್ಲಿ."

ಅವಳು ಅವನ ಮುಖವನ್ನೇ ನೋಡಿದಳು. "ಯಾವ ಬಾಡಿಗಿ? ವಾರಕ್ಕೊಂದು ಬಂದ್ರ ದೊಡ್ಡದು. ಕಾಲೇಜಿನ ಹಿಂದ ಹುಣಸಿಮರದ ಕೆಳಗ ಒಬ್ರೇ ಕುಂತಿರ್ತಿದ್ರು."

"ಮತ್ತ ಆ ಪರದಿ?"

"ಖಾಲಿ ಕಾರು ನೋಡಿದ್ರ ಗಂಗ್ಯಾ ನಗ್ತಾನ ಅಂತ ಎಳಕೊಂಡು ಬರ್ತಿದ್ರು. ಅದ ದಾರಿ ಯಾಕ ಅಂತ ನಾ ಕೇಳಿದ್ರ, ಗಂಗ್ಯಾಗ ಬಾಡಿಗಿ ಆತೋ ಇಲ್ಲೋ ನೋಡಬೇಕು ಅಂತಿದ್ರು. ನೀವು ಸ್ಟ್ಯಾಂಡಿನ್ಯಾಗ ಕಾಣ್ಲಿಲ್ಲಂದ್ರ ಮುಗೀತು. ಗಂಗ್ಯಾ ಬಾಡಿಗಿ ಹೋಗ್ಯಾನ ಅಂತ ಹೊಟ್ಟಿ ಉರ್ಕೊಂಡು ಅನ್ನ ಮುಟ್ತಿರ್ಲಿಲ್ಲ."

ಆ ದಿನಗಳಲ್ಲೆಲ್ಲ ಗಂಗಣ್ಣನ ಕಾರು ಕೆಟ್ಟು ಗ್ಯಾರೇಜಿನಲ್ಲಿ ಬಿದ್ದಿರುತ್ತಿತ್ತು. ಅದನ್ನು ಅವನು ಹೇಳಲಿಲ್ಲ. ಥೂ ಇವನ! ಇಡೀ ವರ್ಷ ತಾನು ಉರಿದು ಸತ್ತದ್ದು ಒಂದು ಖಾಲಿ ಸೀಟಿಗೆ. ನಗು ಬಂತು. ಬಾಲರಾಜುವಿನ ಕೈಯಿಂದ ಕೀಲಿ ಕಿತ್ತುಕೊಂಡ.

ಹಲಗೆ ಬಡಿಯುವವರ ಸದ್ದು ಮುಂದೆ, ಹೆಗಲ ಮೇಲೆ ರಂಗನಾಥ್, ಹಿಂದೆ ಅವನ ಇಂಡಿಕಾ. ಬೇವಿನ ಮರ ಹತ್ತಿರವಾಯಿತು. ಖಾಲಿಯಾದ ಸ್ಟ್ಯಾಂಡಿನ ನೆರಳಿನಲ್ಲಿ ಆ್ಯಪಿನ ಆಟೋದವರು ಫೋನು ನೋಡುತ್ತ ಬಾಡಿಗೆಗೆ ಕಾಯುತ್ತಿದ್ದರು. ಗಂಗಣ್ಣ ಬ್ರೇಕು ಒತ್ತಿ, ಹಿಂದಕ್ಕೆ ಕೈ ಚಾಚಿ, ಎರಡೂ ಕಡೆಯ ಪರದೆ ಎಳೆದ.

"ಯಾಕಣ್ಣಾ? ಖಾಲಿ ಹೋಗ್ಬೇಕಲ್ಲ?" ಪಕ್ಕದಲ್ಲಿ ನಡೆಯುತ್ತಿದ್ದ ಬಾಲರಾಜು ಬಗ್ಗಿ ಕೇಳಿದ.

"ಸುಮ್ನಿರಲೇ. ಬಾಡಿಗಿ ಐತಿ."

ಆಟೋದವನೊಬ್ಬ ಫೋನಿನಿಂದ ತಲೆಯೆತ್ತಿದ. ನೀಲಿ ಪರದೆಯ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅದನ್ನೇ ನೋಡುತ್ತಿದ್ದ.