ಬದುಕಿದ್ದವಳ ಮನೆಗೆ ಹೊತ್ತ ಕುರ್ಚಿಗಳು

ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಾದರೂ ಸಾವಾದರೆ ಹೇಳಿಕಳಿಸಲಿ ಎಂದು ಯಾರೂ ಕಾಯುವುದಿಲ್ಲ. ಮನೆಯಲ್ಲಿದ್ದ ಕುರ್ಚಿಗಳನ್ನು ಹೊತ್ತುಕೊಂಡು ಹೊರಟುಬಿಡುತ್ತೇವೆ. ಬಂದವರು ಕೂರಬೇಕಲ್ಲ. ಹಿಂದೆಯೇ ಒಬ್ಬಳು ಮೇಣದಬತ್ತಿ ತರುತ್ತಾಳೆ, ಇನ್ನೊಬ್ಬಳು ಕಾಫಿ ಪಾತ್ರೆ ತರುತ್ತಾಳೆ. ನಮ್ಮ ಇತಾಉಗ್ವಾ ಊರಿನಲ್ಲಿ ಇದು ಅಜ್ಜಿಯರ ಕಾಲದಿಂದ ಬಂದ ಒಳ್ಳೆಯ ರೂಢಿ. ಆದರೆ ಹೋದ ಆಗಸ್ಟ್‌ನಲ್ಲಿ ಸಾವೇ ಆಗದ ಮನೆಗೆ ನಾವು ಇಪ್ಪತ್ತೆರಡು ಕುರ್ಚಿ ಹೊತ್ತೆವು. ಮುಂದೆ ನಿಂತು ಹೊರಿಸಿದವಳು ನಾನು, ಒಬ್ದುಲಿಯಾ; ಚಿಕ್ಕವರ ಬಾಯಲ್ಲಿ ಗೌರವದ ನ್ಯಾ ಒಬ್ದುಲಿಯಾ. ಬೇರೆಯವರು ಈ ಕಥೆ ಹೇಳಿದರೆ ದಾಕ್ಷಿಣ್ಯಕ್ಕೆ ನನ್ನ ಹೆಸರು ಬಿಟ್ಟಾರು. ಅದಕ್ಕೇ ನಾನೇ ಹೇಳುತ್ತಿದ್ದೇನೆ.

ನಾವು ಜೇಡರ ಬಲೆಯಂಥ ದುಂಡು ಕಸೂತಿ ಹೆಣೆಯುವ ಹೆಂಗಸರು. ನಮ್ಮ ಸಂಘಕ್ಕೆ ಒಂದು ವಾಟ್ಸಾಪ್ ಗುಂಪಿದೆ, ಮೂವತ್ತೊಂದು ಮಂದಿ. ದಾರ ಎಲ್ಲಿ ಚೆನ್ನಾಗಿದೆ, ಯಾವ ಗಿರಾಕಿ ಏನು ಕೇಳಿದ ಎಂದು ಮಾತಾಡಿಕೊಳ್ಳಲು ಶುರುಮಾಡಿದ್ದು. ತಿಂಗಳು ತುಂಬುವುದರೊಳಗೆ ದಾರದ ಮಾತು ಹಿಂದೆ ಬಿತ್ತು, ಲೋಕದ ಸುದ್ದಿ ಮುಂದೆ ಬಂತು. ಎಲ್ಲೋ ಯುದ್ಧ ಶುರುವಾದರೆ ಎರಡೂ ಕಡೆಯ ದೊರೆಗಳಿಗೆ ಬುದ್ಧಿ ಹೇಳುವವಳು ನಾನೇ. ಯಾವುದೋ ದೇಶದ ಚುನಾವಣೆಗೆ ನಾವು ನಾವೇ ಜಗಳಾಡಿ ಎರಡು ದಿನ ಮಾತು ಬಿಟ್ಟದ್ದೂ ಉಂಟು.

ನನ್ನ ಎದುರು ಮನೆಯವಳು ಫೆರ್ಮಿನಾ. ಅವಳ ಒಬ್ಬಳೇ ಮಗಳು ನಿಮಿಯಾಳನ್ನು ಜ್ಞಾನಸ್ನಾನದ ದಿನ ತೋಳಿನಲ್ಲಿ ಎತ್ತಿ ಹಿಡಿದ ಮಾದ್ರಿನಾ, ಅಂದರೆ ಧರ್ಮತಾಯಿ, ನಾನು. ಅಂದಿನಿಂದ, ಒಂದೇ ಮಗುವಿನ ಇಬ್ಬರು ತಾಯಂದಿರಂತೆ, ಫೆರ್ಮಿನಾಗೆ ನಾನು ಕೊಮಾದ್ರೆ, ನನಗೆ ಅವಳು ಕೊಮಾದ್ರೆ. ನಿಮಿಯಾ ಈಗ ಕಡಲಾಚೆ, ಸ್ಪೇನ್‌ನ ಮಾಲಗಾದಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಫೆರ್ಮಿನಾ ಹತ್ತಿರ ಇರುವುದು ಕೀಪ್ಯಾಡ್ ಫೋನು. ಹಾಗಾಗಿ ಭಾನುವಾರ ಭಾನುವಾರ ತಾಯಿ ಮಗಳು ಮುಖ ನೋಡಿ ಮಾತಾಡುವುದು ನನ್ನ ಫೋನಿನಲ್ಲೇ. ಈ ಮಾತು ನೆನಪಿರಲಿ. ಆ ದಿನ ನನಗೆ ನೆನಪಿರಲಿಲ್ಲ.

ಅಂದು ಗುರುವಾರ. ಬೆಳಗ್ಗೆ ಹತ್ತು ಗಂಟೆಗೆ ಗುಂಪಿಗೆ ಒಂದು ವಿಡಿಯೊ ಬಂತು. ಸ್ಪೇನ್‌ನಲ್ಲಿ ಹದಿನಾಲ್ಕು ಅಂತಸ್ತಿನ ಕಟ್ಟಡ ಹೊತ್ತಿ ಉರಿಯುತ್ತಿತ್ತು. ನೋಡುತ್ತಲೇ ನನ್ನ ಎದೆ ಧಸಕ್ಕೆಂದಿತು. ತಕ್ಷಣ ಬರೆದೆ: "ಅಯ್ಯೋ ತಾಯಿ, ನಮ್ಮ ನಿಮಿಯಾನೂ ಸ್ಪೇನ್‌ನಲ್ಲೇ ಇದ್ದಾಳೆ. ಅವಳಿರೋ ಕಟ್ಟಡ ಆಗದಿರಲಿ."

ಆಮೇಲೆ ಮಾತೋ ಮಾತು. ಒಬ್ಬಳು ಅತ್ತಳು, ಒಬ್ಬಳು ಕಟ್ಟಿದವನನ್ನು ಬೈದಳು, ಒಬ್ಬಳು ಆ ದೇಶದ ಸರಕಾರವನ್ನೇ ಬೈದಳು. ನಾನೂ ಹೆಣೆಯುವುದನ್ನು ಪಕ್ಕಕ್ಕಿಟ್ಟು ಮೆಟ್ಟಿಲು ಎಲ್ಲಿರಬೇಕಿತ್ತು, ನೀರಿನ ಕೊಳಾಯಿ ಎಲ್ಲಿರಬೇಕಿತ್ತು ಎಂದು ಬರೆದೇ ಬರೆದೆ. ನನ್ನ ಗಂಡ ಕ್ರಿಸ್ಪಿನ್ ಅಂಗಳದಲ್ಲಿ ತಣ್ಣನೆಯ ತೆರೆರೆ ಹೀರುತ್ತ ಕೂತಿದ್ದ.

"ಯಾವ ಊರಂತೆ ಅದು?" ಎಂದ.

"ಸ್ಪೇನ್ ಅಂತ ಹೇಳಿದ್ನಲ್ಲ!"

"ಸ್ಪೇನ್‌ನಲ್ಲಿ ಊರುಗಳಿಲ್ವಾ?"

"ಇದ್ರೆ ಎಷ್ಟಿರುತ್ತೆ? ನಿಮಗೆ ಮನುಷ್ಯರು ಸತ್ರೂ ಭೂಗೋಳದ ಚಿಂತೆ."

ಮಧ್ಯಾಹ್ನ ಒಂದು ಗಂಟೆಗೆ ಪಕ್ಕದ ಊರು ಕಪಿಯಾತಾದಿಂದ ನನ್ನ ತಂಗಿಯ ಕರೆ ಬಂತು. "ಏನಕ್ಕಾ, ನೀನು ಜ್ಞಾನಸ್ನಾನ ಮಾಡ್ಸಿದ ಹುಡುಗಿ ಬೆಂಕೀಲಿ ಹೋದಳಂತೆ! ಒಂಬತ್ತನೇ ಮಹಡೀಲಿ ಇದ್ದಳಂತೆ. ಅಜ್ಜಿನ ಬಿಟ್ಟು ಬರಲ್ಲ ಅಂತ ಅಲ್ಲೇ ಉಳಿದಳಂತೆ. ಎದುರು ಮನೇಲಿದ್ದು ನಿನಗೆ ಗೊತ್ತಿಲ್ವಾ?"

ನಾನು ನೆಲದ ಮೇಲೆ ಕೂತುಬಿಟ್ಟೆ. ನಂಬಿದೆ. ಮಹಡಿಯ ಲೆಕ್ಕ ಸಮೇತ ಯಾರಾದರೂ ಸುಳ್ಳು ಹೇಳುತ್ತಾರೆಯೇ? ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಆ ದುಃಖದ ಅಡಿಯಲ್ಲೇ, ಮಾದ್ರಿನಾ ಆದ ನನಗೆ ಎಲ್ಲರಿಗಿಂತ ಕೊನೆಯಲ್ಲಿ ತಿಳಿಯಿತಲ್ಲ ಎಂಬ ಅವಮಾನವೂ ಇತ್ತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

"ಒಂದ್ಸಲ ಆ ಹುಡುಗಿಗೇ ಫೋನ್ ಮಾಡಿ ನೋಡೇ," ಎಂದ ಕ್ರಿಸ್ಪಿನ್.

"ಸತ್ತವರಿಗೆ ಫೋನ್ ಮಾಡ್ತಾರೇನ್ರೀ? ತಲೆ ನೆಟ್ಟಗಿದೆಯಾ ನಿಮಗೆ? ಎದ್ದು ಕುರ್ಚಿ ಎತ್ತಿ."

ಅರ್ಧ ಗಂಟೆಯಲ್ಲಿ ಫೆರ್ಮಿನಾಳ ಅಂಗಳ ತುಂಬಿತು. ಎರಡು ಗಂಟೆ ದಾಟಿದ ಮೇಲೆ ಅವಳು ಹೆದ್ದಾರಿ ಪಕ್ಕದ ಅಂಗಡಿಯಿಂದ ಕಸೂತಿಯ ಬುಟ್ಟಿ ಹಿಡಿದು ಬಂದಳು. ಗೇಟಿನಲ್ಲೇ ನಿಂತಳು. ಕುರ್ಚಿಗಳನ್ನು ನೋಡಿದಳು. ಕಪ್ಪು ಬಟ್ಟೆ ಉಟ್ಟ ಹೆಂಗಸರನ್ನು ನೋಡಿದಳು.

"ಯಾರು ಹೋದ್ರು?" ಎಂದು ಕೇಳಿದಳು. "ನನ್ನ ಮನೇಲಿ ಯಾರು ಹೋದ್ರು? ಇರೋದೇ ನಾನೊಬ್ಬಳು."

ನಾನು ಹೋಗಿ ತಬ್ಬಿಕೊಂಡೆ. "ಕೊಮಾದ್ರೆ, ಧೈರ್ಯ ತಗೋ. ನಮ್ಮ ನಿಮಿಯಾ..."

ಅವಳು ಅಳಲಿಲ್ಲ. ಬುಟ್ಟಿ ಕೈಬಿಟ್ಟಳು, ನನ್ನ ತೋಳಿನಲ್ಲೇ ಕುಸಿದಳು.

ಆರೋಗ್ಯ ಕೇಂದ್ರದ ನರ್ಸ್ ಸುನಿಲ್ದಾ ಓಡಿಬಂದಳು. ರಕ್ತದೊತ್ತಡ ನೋಡಿ ತುಟಿ ಕಚ್ಚಿದಳು. ಫೆರ್ಮಿನಾಳನ್ನು ಮಲಗಿಸಿ, ಮಾತ್ರೆ ಕೊಟ್ಟು, ಕೈ ಹಿಡಿದು ಕೂತಳು. ಉಸಿರು ಹದಕ್ಕೆ ಬಂದ ಮೇಲೆ ನಮ್ಮ ಕಡೆ ತಿರುಗಿದಳು.

"ನಿಮಿಯಾ ಸುದ್ದಿ ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಿದ್ದಾರೆ," ಎಂದೆ.

"ಎಲ್ಲರೂ ಅನ್ನೋ ಹೆಸರಿನವರು ನಮ್ಮ ಬೀದೀಲಿ ಯಾರೂ ಇಲ್ಲ, ನ್ಯಾ ಒಬ್ದುಲಿಯಾ. ಒಬ್ಬರ ಹೆಸರು ಹೇಳಿ."

"ನನ್ನ ತಂಗಿ. ಅವಳು ಸುಳ್ಳು ಹೇಳೋಳಲ್ಲ."

"ಸುಳ್ಳಿ ಅಂತ ನಾನೆಲ್ಲಿ ಅಂದೆ? ಕಸೂತಿ ಒಂದು ಕಡೆ ಸುಕ್ಕು ಬಿದ್ರೆ ನೀವು ಏನ್ ಮಾಡ್ತೀರಿ?"

"ದಾರ ಹಿಡ್ಕೊಂಡು ಹಿಂದಕ್ಕೆ ಹೋಗ್ತೀವಿ. ತಪ್ಪು ಗಂಟು ಸಿಗೋವರೆಗೂ."

"ಬನ್ನಿ, ಹಾಗೇ ಹೋಗೋಣ."

ಸ್ಪೀಕರ್ ಹಾಕಿ ನನ್ನ ತಂಗಿಗೆ ಕರೆ ಮಾಡಿದಳು. ತಂಗಿಗೆ ಹೇಳಿದ್ದು ಅವಳ ಗಂಡ. ಗಂಡನಿಗೆ ಅದು ಬಂದದ್ದು ಬಸ್ ಚಾಲಕರ ಗುಂಪಿನಿಂದ. ಅಲ್ಲಿಗೆ ಹಾಕಿದವನು ನಮ್ಮ ಚರ್ಚಿನ ಗುಂಪಿನಲ್ಲಿ ಓದಿದ್ದ. ಅಲ್ಲಿದ್ದ "ಆ ಕಟ್ಟಡದಲ್ಲೇ ಇರ್ಬೇಕು" ಎಂಬುದು ಬಸ್ಸು ಹತ್ತುವಾಗ "ಇದ್ದಳು" ಆಗಿತ್ತು, ಇಳಿಯುವಾಗ "ಸತ್ತಳು" ಆಗಿತ್ತು. ಒಂಬತ್ತನೆಯ ಮಹಡಿಯನ್ನು ಯಾರು ಕಟ್ಟಿದರೋ ಕೊನೆಗೂ ತಿಳಿಯಲಿಲ್ಲ. ಚರ್ಚಿನ ಗುಂಪಿಗೆ ಹಾಕಿದವಳು ಮಾತ್ರ ನಮ್ಮೆದುರಿಗೇ ಮೇಣದಬತ್ತಿ ಹಿಡಿದು ಕೂತಿದ್ದಳು. ನನ್ನ ನಾದಿನಿ ಎಲೋದಿಯಾ.

"ನಾನು ಸತ್ತಳು ಅಂದಿಲ್ಲಪ್ಪಾ!" ಎಂದಳು ಅವಳು. "ನಿಮಿಯಾ ಆ ಕಟ್ಟಡದಲ್ಲೇ ಇರ್ಬೇಕು, ಪ್ರಾರ್ಥನೆ ಮಾಡಿ ಅಂದೆ ಅಷ್ಟೇ."

"ಆ ಕಟ್ಟಡ ಅಂತ ನಿಮಗೆ ಯಾರು ಹೇಳಿದ್ರು?"

ಎಲೋದಿಯಾ ನನ್ನ ಮುಖ ನೋಡಿದಳು. "ಅತ್ತಿಗೆ, ನೀವೇ ಬೆಳಗ್ಗೆ ಹಾಕಿದ್ರಲ್ಲ."

ಸುನಿಲ್ದಾ ನನ್ನ ಫೋನು ತೆಗೆದು, ನನ್ನ ಮಾತನ್ನು ನನಗೇ ಓದಿ ಹೇಳಿದಳು. ನನ್ನ ಭಯ ಊರೆಲ್ಲ ಸುತ್ತಿ, ಮೈತುಂಬಿಕೊಂಡು ನನ್ನ ಹತ್ತಿರವೇ ಬಂದಿತ್ತು. ಅದನ್ನು ಹೆತ್ತ ನನಗೇ ಗುರುತು ಸಿಗಲಿಲ್ಲ. ಆಮೇಲೆ ಸುನಿಲ್ದಾ ವಿಡಿಯೊದ ಕೆಳಗಿದ್ದ ಬರಹ ತೋರಿಸಿದಳು. ಊರಿನ ಹೆಸರು ಮೊದಲ ಸಾಲಿನಲ್ಲೇ ಇತ್ತು. ಆ ಊರು ಸ್ಪೇನ್‌ನ ಉತ್ತರದ ತುದಿಯಲ್ಲಿದೆ. ಮಾಲಗಾ ದಕ್ಷಿಣದ ತುದಿಯಲ್ಲಿದೆ. ಮೂವತ್ತೊಂದು ಜನರಲ್ಲಿ ಒಬ್ಬರೂ ಆ ಸಾಲು ಓದಿರಲಿಲ್ಲ.

ನಿಜ ಗೊತ್ತಾಯಿತು, ಇನ್ನು ಫೆರ್ಮಿನಾಗೆ ಸಮಾಧಾನವಾಗುತ್ತದೆ ಎಂದುಕೊಂಡೆವು. ಇಲ್ಲ. "ಫೋನ್ ಮಾಡಿ, ಅವಳ ದನಿ ಕೇಳ್ಬೇಕು," ಎಂದಳು. ಮಾಡಿದೆವು. ಸ್ವಿಚ್ ಆಫ್. ಮತ್ತೆ ಮಾಡಿದೆವು. ಸ್ವಿಚ್ ಆಫ್.

"ಕೆಲಸದ ಮೇಲೆ ಆ ಊರಿಗೆ ಹೋಗಿದ್ರೆ?" ಎಂದಳು ಫೆರ್ಮಿನಾ. "ಅಜ್ಜಿಯ ನೆಂಟರು ಅಲ್ಲೂ ಇರ್ಬಹುದಲ್ಲ?"

"ಹಾಗೆಲ್ಲ ಯೋಚಿಸ್ಬೇಡಿ, ನ್ಯಾ ಫೆರ್ಮಿನಾ," ಎಂದಳು ಸುನಿಲ್ದಾ.

"ನೀವೆಲ್ಲ ಯೋಚನೆ ಮಾಡಿ ಮುಗಿಸಿ ಕುರ್ಚಿನೂ ತಂದಿದ್ದೀರಿ. ನಾನು ಮಾತ್ರ ಯೋಚಿಸ್ಬಾರ್ದಾ?"

ಸುನಿಲ್ದಾ ಅವಳ ತೋಳಿಗೆ ಮತ್ತೆ ಒತ್ತಡದ ಪಟ್ಟಿ ಸುತ್ತಿದಳು. ನಾಲ್ಕು ಗಂಟೆ ಕಾಲ ಹಾಗೇ ಕೂತೆವು. ಹದಿನೈದು ನಿಮಿಷಕ್ಕೊಮ್ಮೆ ಸುನಿಲ್ದಾ ಒತ್ತಡ ನೋಡುತ್ತಿದ್ದಳು. ಏರುತ್ತಿತ್ತು, ಇಳಿಯುತ್ತಿತ್ತು. ಇವಳಿಗೇ ಏನಾದರೂ ಆದರೆ ಮಗಳಿಗೆ ನಾನು ಯಾವ ಮುಖ ತೋರಿಸಲಿ ಎಂದು ಒಳಗೊಳಗೇ ಸಾಯುತ್ತಿದ್ದೆ.

ಹೊತ್ತು ಮುಳುಗುವ ಸಮಯಕ್ಕೆ ನನ್ನ ಫೋನು ಬಡಿದುಕೊಂಡಿತು.

"ಮಾದ್ರಿನಾ! ಇಷ್ಟೊಂದು ಸಲ ಯಾಕೆ ಫೋನ್ ಮಾಡಿದ್ರಿ? ಅಮ್ಮನಿಗೇನಾಯ್ತು? ಬದುಕಿದ್ದಾಳಾ ಹೇಳಿ!"

ಫೆರ್ಮಿನಾ ಫೋನು ಕಸಿದುಕೊಂಡಳು. "ನಿಮಿಯಾ" ಎಂದಳು. ಮತ್ತೆ "ನಿಮಿಯಾ" ಎಂದಳು. ಆಗ ಅತ್ತಳು. ನಾವೆಲ್ಲ ಅತ್ತೆವು.

ಆಗಿದ್ದು ಇಷ್ಟೇ. ಅಜ್ಜಿಗೆ ಉಸಿರಾಟದ ತೊಂದರೆಯಾಗಿ ನಿಮಿಯಾ ಆಸ್ಪತ್ರೆಗೆ ಕರೆದೊಯ್ದಿದ್ದಳು. ಅಲ್ಲಿ ಫೋನಿನ ಚಾರ್ಜ್ ಮುಗಿದಿತ್ತು. ನಮ್ಮ ಗಡಿಯಾರದಲ್ಲಿ ಆಗ ಮಧ್ಯಾಹ್ನ ಎರಡು ಗಂಟೆ. ನಾನು ಅಳುತ್ತಲೇ ಎಲ್ಲವನ್ನೂ ಹೇಳಿದೆ. ಅವಳು ಆ ಕಡೆ ತನ್ನ ಫೇಸ್‌ಬುಕ್ ತೆಗೆದು ನೋಡಿದಳು.

"ನನ್ನ ಪುಟದ ತುಂಬ ಮೇಣದಬತ್ತಿ," ಎಂದಳು. "ನೂರಾ ನಲವತ್ತು ಜನ ಶಾಂತಿ ಸಿಗಲಿ ಅಂತ ಬರೆದಿದ್ದೀರಿ. ನಿಮ್ಮ ಗಡಿಯಾರದ ಎರಡು ಗಂಟೆವರೆಗೂ ಫೋನು ಆನ್ ಆಗಿ ನನ್ನ ಜೇಬಲ್ಲೇ ಇತ್ತು, ಮಾದ್ರಿನಾ. ಕೆಲಸದ ಹೊತ್ತಲ್ಲಿ ಫೇಸ್‌ಬುಕ್ ನೋಡಲ್ಲ, ಆದರೆ ಕರೆ ಬಂದ್ರೆ ಎತ್ತುತ್ತೀನಿ. ನನ್ನ ಬಗ್ಗೆ ಇಷ್ಟು ಜನ ಮಾತಾಡಿದ್ರಿ. ನನ್ನ ಹತ್ರ ಒಬ್ಬರೂ ಮಾತಾಡ್ಲಿಲ್ವಲ್ಲ."

ಮರುದಿನ ಬೆಳಗ್ಗೆಯೇ ನಾನು ಚಪ್ಪಲಿ ಮೆಟ್ಟಿ ಹೊರಟೆ.

ಸುಳ್ಳು ಮೂರು ಗಂಟೆಯಲ್ಲಿ ಹೋದ ದಾರಿಯಲ್ಲಿ ನಿಜವನ್ನು ಹೊತ್ತು ನಾನು ಒಂಬತ್ತು ದಿನ ತಿರುಗಿದೆ. ಪ್ರತಿ ಗುಂಪಿಗೂ "ತಪ್ಪು ನನ್ನದು" ಎಂದು ಬರೆದೆ. ಅಷ್ಟರಲ್ಲಿ ಕಪಿಯಾತಾದ ಚರ್ಚಿನಲ್ಲಿ ನಿಮಿಯಾಳ ಆತ್ಮಕ್ಕೆ ಪೂಜೆಯೂ ಆಗಿಹೋಗಿತ್ತು. ಫೆರ್ಮಿನಾ ಒಂದು ವಾರದಲ್ಲಿ ಎದ್ದು ಓಡಾಡಿದಳು. ಆದರೆ ಗೇಟಿನ ಬಳಿ ನಾಲ್ಕು ಜನ ಒಟ್ಟಿಗೆ ಕಂಡರೆ ಈಗಲೂ ನಿಂತಲ್ಲೇ ನಿಲ್ಲುತ್ತಾಳೆ.

ನಮ್ಮ ಗುಂಪಿನಲ್ಲಿ ಇವತ್ತಿಗೂ ಲೋಕದ ಸುದ್ದಿ ಮಾತಾಡುತ್ತೇವೆ. ಯಾಕೆ ಬಿಡಬೇಕು? ನಮ್ಮ ಮಕ್ಕಳು ಲೋಕದ ತುಂಬ ಇದ್ದಾರೆ. ಆದರೆ ಈಗ ಯಾರಾದರೂ ಸುದ್ದಿ ಹಾಕಿದರೆ "ಯಾವ ಊರು, ಯಾವತ್ತಿನದು, ಕಂಡವರು ಯಾರು?" ಎಂದು ಮೊದಲು ಕೇಳುವವನು ಕ್ರಿಸ್ಪಿನ್. ಅವನನ್ನೂ ಗುಂಪಿಗೆ ಸೇರಿಸಿದ್ದೇವೆ, ಹೆಂಗಸರ ನಡುವೆ ಒಬ್ಬನೇ ಗಂಡಸು. ಉತ್ತರ ಸಿಗುವವರೆಗೆ ಮುಂದಕ್ಕೆ ಕಳಿಸುವುದಿಲ್ಲ. ಭಯವಾದರೆ ಭಯವಾಗಿದೆ ಎಂದು ಪಕ್ಕದಲ್ಲಿದ್ದವರಿಗೆ ಹೇಳುತ್ತೇವೆ, ಯಾರ ಹೆಸರನ್ನೂ ಅದಕ್ಕೆ ಕಟ್ಟುವುದಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮವರೂ ಯಾರೋ ದೂರದ ಊರಿನಲ್ಲಿ ಇರುತ್ತಾರೆ. ನಾಳೆ ಆ ಕಡೆಯಿಂದ ಬೆಂಕಿಯದೋ ಭೂಕಂಪದ್ದೋ ಸುದ್ದಿ ಬಂದರೆ ನಿಮ್ಮ ಎದೆಯೂ ನನ್ನಂತೆಯೇ ಧಸಕ್ಕೆನ್ನುತ್ತದೆ. ಆಗ ಗುಂಪಿಗೆ ಬರೆಯಬೇಡಿ. ಅವರಿಗೇ ಕರೆ ಮಾಡಿ. ಎತ್ತದಿದ್ದರೆ ಮತ್ತೆ ಮಾಡಿ. ಆ ಕಡೆಯಿಂದ "ಹಲೋ, ಯಾಕೆ ಈ ಹೊತ್ತಲ್ಲಿ?" ಎಂದು ಬೈದುಕೊಂಡಾದರೂ ಒಂದು ದನಿ ಬರುತ್ತದಲ್ಲ, ಅದಕ್ಕಿಂತ ದೊಡ್ಡ ಸುದ್ದಿ ಆ ದಿನ ಲೋಕದಲ್ಲಿ ಇನ್ನೊಂದಿಲ್ಲ.