ಗೇರಿಲ್ಲದ ಗಾಡಿಗೆ ಯಾವ ಎಣ್ಣೆ

ಈ ಊರಿನಲ್ಲಿ ತಿರುಗುವ ಯಂತ್ರ ಯಾವುದೇ ಇರಲಿ, ಅದು ಒಮ್ಮೆಯಾದರೂ ನನ್ನ ಶೆಡ್ಡಿನಲ್ಲಿ ಮಲಗಿ ಎದ್ದು ಹೋಗಿದೆ. ಸ್ಕೂಟರು, ಜನರೇಟರು, ನೀರಿನ ಪಂಪು, ಕೊನೆಗೆ ಆಸ್ಪತ್ರೆಯ ಲಿಫ್ಟು. ನಾನು ಆಸ್ಪತ್ರೆಯ ಬಾಗಿಲಲ್ಲಿ ಕೆಮ್ಮಿದರೆ ಸಾಕು, ಆ ಲಿಫ್ಟು ಐದನೇ ಮಹಡಿಯಿಂದ ತಾನಾಗಿ ಇಳಿದು ಬರುತ್ತದೆ ಎಂದು ಜನ ಹೇಳುತ್ತಾರೆ. ಮೊದಲು ಹೇಳಿದ್ದು ನಾನೇ, ಆದರೆ ಆಮೇಲೆ ಇನ್ನಿಬ್ಬರು ಹೇಳಿದ್ದಾರೆ.

ಇಂಥ ನನಗೆ ಮೂರು ದಿನ ನೀರು ಕುಡಿಸಿದ್ದು ಒಂದು ಹುಲ್ಲುಗಾಡಿ, ಅಂದರೆ ಹುಲ್ಲು ಕತ್ತರಿಸುವ ಗಾಡಿ.

ಗಾಡಿ ಅಕ್ಕನದು. ಕಾಗದದ ಮೇಲೆ ಅದು ಕ್ರೀಡಾಂಗಣದ್ದು, ಆದರೆ ಹನ್ನೊಂದು ವರ್ಷದಿಂದ ಅದರ ಸೀಟಿನ ಮೇಲೆ ಅಕ್ಕ ಬಿಟ್ಟರೆ ನೊಣವೂ ಕೂತಿಲ್ಲ. ಅದರ ಮೇಲೆ ಕೂತು ಅವಳು ಮೈದಾನದ ಹುಲ್ಲು ಕತ್ತರಿಸುತ್ತಾ ಹೋದರೆ ಹಿಂದೆ ಗೆರೆ ಎಷ್ಟು ನೇರವಾಗಿ ಬೀಳುತ್ತಿತ್ತೆಂದರೆ, ಮೇಲೆ ಹೋಗುವ ವಿಮಾನಗಳು ಅದನ್ನು ನೋಡಿ ದಾರಿ ಸರಿಮಾಡಿಕೊಳ್ಳುತ್ತಿದ್ದವು.

ಆ ಮಂಗಳವಾರ ಅಕ್ಕ ಗಾಡಿಯನ್ನು ನನ್ನ ಶೆಡ್ಡಿಗೆ ತಂದು ನಿಲ್ಲಿಸಿದಾಗ ಮುಖ ಇಷ್ಟು ದಪ್ಪ ಇತ್ತು. ಕ್ರೀಡಾಂಗಣಕ್ಕೆ ಹೊಸ ಮ್ಯಾನೇಜರ್ ಬಂದಿದ್ದರು. ಎಂಥ ಬಿಸಿಲಿದ್ದರೂ ಕೊರಳಿನ ಟೈ ಸಡಿಲಿಸದ ಮನುಷ್ಯ, ಹಾಗಾಗಿ ಎಲ್ಲರ ಬಾಯಲ್ಲಿ ಟೈ ಸಾಹೇಬರು. ಅವರು ಅಕ್ಕನಿಗೆ ಗಡುವು ಕೊಟ್ಟಿದ್ದರು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಶುರುಮಾಡಿ, ಇಡೀ ಮೈದಾನ, ಜೊತೆಗೆ ಪೆವಿಲಿಯನ್ ಹಿಂದಿನ ದಿಬ್ಬ, ಎಲ್ಲೂ ನಿಲ್ಲದೆ ಕತ್ತರಿಸಿ ತೋರಿಸಬೇಕು. ಆಗದಿದ್ದರೆ ಗಾಡಿ ಗುಜರಿಗೆ, ಹುಲ್ಲಿನ ಕೆಲಸ ಹೊರಗಿನ ಗುತ್ತಿಗೆಯವರಿಗೆ, ಅಕ್ಕ ಟಿಕೆಟ್ ಕಿಟಕಿಯ ಒಳಗೆ.

"ಆ ಗೂಡು ನೋಡಿದೀಯೇನೋ? ನನ್ನ ಮೊಣಕಾಲೇ ಹಿಡಿಸಲ್ಲ. ಗಾಜಲ್ಲಿ ಒಂದು ತೂತು, ಆ ತೂತಲ್ಲಿ ಜನರ ಕೈ. ಆಕಾಶ ಹಾಳಾಗಲಿ, ದಿನಕ್ಕೊಂದು ಕಾಗೆ ಆದ್ರೂ ಕಾಣಿಸ್ಬೇಡವಾ?"

"ಗಾಡಿಗೆ ಏನಾಗಿದೆ ಹೇಳು."

"ಬೆಳಿಗ್ಗೆ ಕುದುರೆ ತರ ಓಡುತ್ತೆ. ನಲವತ್ತು ನಿಮಿಷ ಕಳೆದು ಮೈ ಕಾದ್ಮೇಲೆ ದಿಬ್ಬದ ನಡುವೆ ನಿಟ್ಟುಸಿರು ಬಿಟ್ಟು ನಿಂತ್ಕೊಳ್ಳುತ್ತೆ. ಪೆಡಲ್ ಎಷ್ಟು ಒತ್ತಿದ್ರೂ ಅಷ್ಟೇ. ಎಂಜಿನ್ ಮಾತ್ರ ಜೋರಾಗಿ ಓಡ್ತಿರುತ್ತೆ."

ನನಗೆ ಅರ್ಧ ಕ್ಷಣದಲ್ಲಿ ಅರ್ಥವಾಯಿತು. ಅರ್ಧ ಎಂದಿದ್ದು ವಿನಯಕ್ಕೆ. ಈ ಗಾಡಿಗೆ ಹೈಡ್ರೋಸ್ಟ್ಯಾಟಿಕ್ ಟ್ರಾನ್ಸ್‌ಮಿಷನ್. ಹೆಸರು ದೊಡ್ಡದು, ವಿಷಯ ಸಣ್ಣದು. ಒಳಗೆ ಒಂದನೇ ಗೇರು ಎರಡನೇ ಗೇರು ಅಂತ ಬದಲಾಯಿಸುವುದೇನೂ ಇಲ್ಲ. ಎಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ತಳ್ಳುತ್ತದೆ, ಆ ಎಣ್ಣೆ ಹೋಗಿ ಚಕ್ರವನ್ನು ತಿರುಗಿಸುತ್ತದೆ. ಬೇರೆ ಕಡೆ ಎಣ್ಣೆಗೆ ಜಾರಿಸುವ ಕೆಲಸ ಮಾತ್ರ, ಇಲ್ಲಿ ಗಾಡಿ ಎಳೆಯುವ ಎತ್ತೂ ಅದೇ. ಹಳೆಯ ಎಣ್ಣೆ ಕಾದರೆ ನೀರಾಗುತ್ತದೆ, ನೀರಾದ ಎತ್ತು ದಿಬ್ಬ ಹತ್ತುವುದುಂಟೇ?

"ಎಣ್ಣೆ ಹೋಗಿದೆ," ಎಂದೆ.

"ಅದನ್ನ ಬದಲಾಯಿಸು ಅಂತ ನಾಲ್ಕು ವರ್ಷದಿಂದ ಬಡ್ಕೊಂಡೆ. ನೀನೇನಂದೆ?"

"ಜೀವಮಾನಕ್ಕೆ ಒಂದೇ ಸಲ ಹಾಕೋ ಎಣ್ಣೆ ಅಂದೆ."

"ಯಾರ ಜೀವಮಾನ?"

ನಾನು ಸ್ಪ್ಯಾನರ್ ಹುಡುಕುವವನಂತೆ ಬಗ್ಗಿದೆ. ಅಕ್ಕ ಅಷ್ಟರಲ್ಲಿ ಸೀಟಿನ ಕೆಳಗಿಂದ ಗಾಡಿಯ ಪುಸ್ತಕ ತೆಗೆದು ನಲವತ್ತಮೂರನೇ ಪುಟ ಬಿಚ್ಚಿದಳು. "ಇಲ್ಲಿ ಬರ್ದಿದೆ ನೋಡು. ಟ್ರಾನ್ಸ್‌ಮಿಷನ್ನಿಗೆ ಎಂಜಿನ್ ಆಯಿಲ್, ಟ್ವೆಂಟಿ ಡಬ್ಲ್ಯೂ ಫಿಫ್ಟಿ."

ನಾನು ನಕ್ಕೆ. ಆ ನಗುವಿಗೆ ಶೆಡ್ಡಿನ ತಗಡು ಹತ್ತು ನಿಮಿಷ ನಡುಗುತ್ತಿತ್ತು.

ನಗಲು ಕಾರಣವಿದೆ. ನಮ್ಮ ಶೆಡ್ಡಿನಲ್ಲಿ ಎರಡು ಹಲಗೆ. ಎಡಗಡೆ ಹಲಗೆಯ ಮೇಲೆ ಎಂಜಿನ್ ಎಣ್ಣೆ, ಬಲಗಡೆ ಹಲಗೆಯ ಮೇಲೆ ಗೇರಿನ ಎಣ್ಣೆಗಳು. ಇದು ಅಪ್ಪ ಹಾಕಿಕೊಟ್ಟ ಕ್ರಮ. ಎಡದ ಡಬ್ಬಿ ಬಲಕ್ಕೆ ಹೋಗುವಂತಿಲ್ಲ, ಬಲದ ಲಾಳಿಕೆ ಎಡಕ್ಕೆ ಬರುವಂತಿಲ್ಲ, ಒಂದು ಕಡೆ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಇನ್ನೊಂದು ಕಡೆ ಚಾಚುವಂತಿಲ್ಲ. ಒಮ್ಮೆ ನಾನು ಎಡದ ಚಿಂದಿಯಿಂದ ಬಲದ ಡಬ್ಬಿ ಒರೆಸಿದೆನೆಂದು ಅಪ್ಪ ಎರಡು ದಿನ ನನ್ನೊಂದಿಗೆ ಮಾತಾಡಿರಲಿಲ್ಲ. ಚಕ್ರ ತಿರುಗಿಸುವ ಪೆಟ್ಟಿಗೆಗೆ ಎಡಗಡೆ ಹಲಗೆಯ ಎಣ್ಣೆ ಎಂದರೆ ಏನು ತಮಾಷೆಯೇ?

"ಅಕ್ಕಾ, ಕಿವಿಗೆ ಹಾಕೋ ಔಷಧಿ ಕಣ್ಣಿಗೆ ಬಿಡ್ತಾರಾ?"

"ಪುಸ್ತಕ ಬರ್ದೋರು ಗಾಡಿ ಮಾಡಿದೋರೇ ತಾನೆ?"

"ಮಾಡೋರು ಬೇರೆ, ಬರೆಯೋರು ಬೇರೆ, ಅಚ್ಚು ಹಾಕೋರು ಬೇರೆ. ಮೂರು ಕೈ ದಾಟೋದ್ರೊಳಗೆ ಎಂಜಿನ್ನು ಎಲ್ಲಿಂದಲೋ ಬಂದು ಸೇರ್ಕೊಂಡಿದೆ. ನೀನು ಹುಲ್ಲು ನೋಡ್ಕೊ, ಎಣ್ಣೆ ನನಗೆ ಬಿಡು."

ಅಕ್ಕ ಪುಸ್ತಕ ಮುಚ್ಚಿದಳು. ಮುಚ್ಚಿದ ಸದ್ದು ನನಗೆ ಸರಿ ಬರಲಿಲ್ಲ.

ನನ್ನ ತರ್ಕ ಹೀಗಿತ್ತು. ಗೇರು ಹಾಕುವ ಕೆಲಸವಿಲ್ಲದೆ ತಾನಾಗಿ ಓಡುವ ಗಾಡಿ. ಆಟೋಮ್ಯಾಟಿಕ್ ಕಾರೂ ಹಾಗೆಯೇ ಓಡುತ್ತದೆ. ಕಾರಿಗೆ ಹಾಕುವುದು ಬಲಗಡೆ ಹಲಗೆಯ ಕೆಂಪು ಎಣ್ಣೆ. ಹಾಗಾದರೆ ಇದಕ್ಕೂ ಕೆಂಪು ಎಣ್ಣೆ. ಇಷ್ಟು ಚೆಂದದ ತರ್ಕವನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ. ಹಳೆಯದನ್ನು ಇಳಿಸಿದೆ. ಅದು ಕಪ್ಪಗೆ, ಸುಟ್ಟ ವಾಸನೆ ಹೊಡೆಯುತ್ತಾ, ಹೋಗಲಾರೆ ಹೋಗಲಾರೆ ಎನ್ನುವ ನೆಂಟರ ಹಾಗೆ ಇಳಿಯಿತು. ಕೆಂಪು ಎಣ್ಣೆ ತುಂಬಿದೆ.

ಬುಧವಾರ ಬೆಳಿಗ್ಗೆ ಮೈದಾನದಲ್ಲಿ ಪರೀಕ್ಷೆ. ಗಾಡಿ ಬಾಣದಂತೆ ಹೊರಟಿತು. ಅಕ್ಕನ ತಲೆಗೆ ಕಟ್ಟಿದ ಬಟ್ಟೆ ಹಾರಿ ಗೋಲ್ ಕಂಬಕ್ಕೆ ಸಿಕ್ಕಿಕೊಂಡಿತು. ಬ್ಲೇಡು ಬರುವ ಮುಂಚೆಯೇ ಹುಲ್ಲು ಹೆದರಿ ತಾನೇ ಎರಡು ತುಂಡಾಗುತ್ತಿತ್ತು. ನಾನು ಕೈ ಕಟ್ಟಿ ನಿಂತು, ಮೈದಾನಕ್ಕೆ ನನ್ನ ಹೆಸರಿಡುವ ಮಾತು ಬಂದರೆ ಹೇಗೆ ಬೇಡವೆನ್ನಬೇಕು ಎಂದು ಯೋಚಿಸತೊಡಗಿದೆ.

ನಲವತ್ತು ನಿಮಿಷ ಬೇಕಾಗಲಿಲ್ಲ. ಇಪ್ಪತ್ತೈದಕ್ಕೇ ಗಾಡಿ ದಿಬ್ಬದ ಕಾಲುಭಾಗದಲ್ಲಿ ನಿಂತಿತು. ಮೊದಲು ನಿಲ್ಲುತ್ತಿತ್ತು ಅಷ್ಟೆ, ಈಗ ಹಿಂದಕ್ಕೆ ಹರಿಯತೊಡಗಿತು. ಅಕ್ಕ ಮುಂದಿನ ಪೆಡಲ್ ಒತ್ತಿಕೊಂಡೇ ಹಿಂದಕ್ಕೆ ಬರುತ್ತಿದ್ದಳು. ನಾನು ಹಿಂದಿನಿಂದ ತಳ್ಳಲು ಹೋದೆ. ಆನೆಯನ್ನೇ ತಳ್ಳಿದವನು ನಾನು, ಆದರೆ ಆ ಆನೆ ಹೀಗೆ ನನ್ನ ಕಡೆಗೆ ಬರುತ್ತಿರಲಿಲ್ಲ. ಕೊನೆಗೆ ಅಕ್ಕ ಬ್ರೇಕು ತುಳಿದು ನಿಲ್ಲಿಸಿದಳು.

ಇಳಿದು ಬಂದು ನನ್ನ ಮುಂದೆ ನಿಂತಳು. ಬೈಯಲಿಲ್ಲ. "ಟಿಕೆಟ್ ಕಿಟಕೀಲಿ ಫ್ಯಾನ್ ಇದೆಯಾ ಕೇಳ್ಬೇಕು," ಎಂದು ಹೇಳಿ ಹೊರಟುಹೋದಳು. ಬೈದಿದ್ದರೆ ನಾಲ್ಕು ತುತ್ತು ಹೆಚ್ಚಿಗೆ ಊಟ ಸೇರುತ್ತಿತ್ತು.

ಗಾಡಿ ತಣ್ಣಗಾದ ಮೇಲೆ ಅದನ್ನು ಶೆಡ್ಡಿಗೆ ತಂದು ನಿಲ್ಲಿಸಿ, ಗುರುವಾರ ಬೆಳಿಗ್ಗೆ ನಾನು ಎಣ್ಣೆ ಅಂಗಡಿಗೆ ಹೋದೆ. ಅಂಗಡಿ ನಡೆಸುವ ಹೆಂಗಸನ್ನು ಊರೆಲ್ಲ ಚಿಕ್ಕಮ್ಮ ಎನ್ನುತ್ತದೆ. ಪೀಪಾಯಿಗಳ ನಡುವೆ ಸ್ಟೂಲಿನ ಮೇಲೆ ಕೂತೇ ಅವಳಿಗೆ ಅರ್ಧ ಶತಮಾನ ಕಳೆದಿದೆ. ನನಗೆ ತಿಳಿಯದ್ದು ಏನೂ ಇಲ್ಲವೆಂದು ನಾನು ಅದೇ ಅಂಗಡಿಯಲ್ಲಿ ವಾರಕ್ಕೆರಡು ಸಲ ಹೇಳುತ್ತಾ ಬಂದವನು. ನೇರವಾಗಿ ಕೇಳುವುದು ಹೇಗೆ?

"ಚಿಕ್ಕಮ್ಮಾ, ನನಗೆ ಪರಿಚಯದ ಒಬ್ಬ ಮೆಕ್ಯಾನಿಕ್ ಇದಾನೆ. ಪಾಪ, ತಿಳುವಳಿಕೆ ಸಾಲದು. ಗೇರಿಲ್ಲದ ಹುಲ್ಲುಗಾಡಿಗೆ ಕೆಂಪು ಎಣ್ಣೆ ಹಾಕಿಬಿಟ್ಟಿದಾನೆ."

"ಅಯ್ಯೋ. ಎಲ್ಲಿಯವನಪ್ಪಾ?"

"ದೂರ."

"ದಿಬ್ಬದ ಮೇಲೆ ಗಾಡಿ ಹಿಂದಕ್ಕೆ ಬಂತಾ?"

"ಬಂತಂತೆ."

"ಅವನು ಅದರ ಮುಂದೆ ಓಡ್ತಾ ಒಂದು ಚಪ್ಪಲಿ ಬಿಟ್ಟು ಹೋದ್ನಂತೆ?"

ಇದನ್ನು ನಾನು ನಿಮಗೂ ಹೇಳಿರಲಿಲ್ಲ. ಕಾಲನ್ನು ಮೆಲ್ಲಗೆ ಕೌಂಟರಿನ ಕೆಳಗೆ ಸರಿಸಿದೆ.

ಚಿಕ್ಕಮ್ಮ ಒಂದು ಪೀಪಾಯಿಯ ನಲ್ಲಿ ಒರೆಸುತ್ತಾ ಹೇಳಿದಳು: "ಆ ಕೆಂಪು ಎಣ್ಣೆ ತೆಳು ಕಣಪ್ಪಾ. ಕಾರಿಗೆ ಸರಿ. ನಿನ್ನ, ಅಲ್ಲಲ್ಲ, ನಿನ್ನ ಪರಿಚಯದವನ ಗಾಡೀಲಿ ಪಂಪು ಸವೆದಿದೆ. ಎಣ್ಣೆ ತೆಳುವಾದ್ರೆ ಸಂದೀಲಿ ನುಸುಳಿ ಹಿಂದಕ್ಕೇ ಬರುತ್ತೆ, ಮುಂದಕ್ಕೆ ತಳ್ಳೋದ್ಯಾರು? ಕಾದ ಮೇಲೂ ದಪ್ಪ ಉಳಿಯೋದು ಬೇಕು."

"ಅಂದ್ರೆ ಎಲ್ಲಾ ಹುಲ್ಲುಗಾಡಿಗೂ..."

"ಎಲ್ಲಾದಕ್ಕೂ ಒಂದೇ ಅಂತ ನಾನೆಲ್ಲಿ ಹೇಳ್ದೆ? ಕೆಲವು ಹೈಡ್ರಾಲಿಕ್ ಎಣ್ಣೆ ಕೇಳ್ತವೆ. ಕೆಲವಕ್ಕೆ ಗಾಡಿ ಮಾಡಿದೋರ ಡಬ್ಬೀನೇ ಆಗ್ಬೇಕು. ಅದಕ್ಕೇ ಜೊತೇಲಿ ಪುಸ್ತಕ ಕೊಡೋದು. ಪುಸ್ತಕದಲ್ಲಿ ಏನಿದೆಯಂತೆ?"

"ಎಂಜಿನ್ ಆಯಿಲ್ ಅಂತ ಇದೆಯಂತೆ. ಅವನಿಗೆ ನಂಬಿಕೆ ಬರ್ತಿಲ್ಲ."

"ಅವನ ಅಕ್ಕನಿಗೆ ಬಂದಿದೆ. ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೇ ಬಂದು ಮೂರು ಲೀಟರು, ಒಂದು ಫಿಲ್ಟರು ತಗೊಂಡು ಹೋದ್ಳು. ನೀನು ಈಗ ಹೊರಟ್ರೆ ನಿನ್ನ ಶೆಡ್ಡಲ್ಲೇ ಸಿಗ್ತಾಳೆ."

ನಾನು ಗಾಳಿಗಿಂತ ಮೊದಲು ಶೆಡ್ಡು ಮುಟ್ಟಿದೆ. ಅಕ್ಕ ಗಾಡಿಯ ಕೆಳಗೆ ಮಲಗಿದ್ದಳು, ಕಾಲು ಮಾತ್ರ ಕಾಣುತ್ತಿತ್ತು. ಕೆಂಪು ಎಣ್ಣೆ ಬಕೆಟ್ಟಿಗೆ ಇಳಿದು ಮುಗಿದಿತ್ತು. ಹಳೆಯ ಫಿಲ್ಟರು ನೆಲದ ಮೇಲೆ. ಎಡಗಡೆ ಹಲಗೆಯ ಲಾಳಿಕೆ ಗಾಡಿಯ ಬಾಯಲ್ಲಿ.

"ಅದು ಎಡಗಡೆ ಲಾಳಿಕೆ," ಎಂದೆ.

"ಎಡಗಡೆ ಎಣ್ಣೆ ಹಾಕೋಕೆ ಎಡಗಡೆ ಲಾಳಿಕೇನೇ ಸರಿ. ಅಪ್ಪನ ಮಾತು ನಾನೇನೂ ಮೀರಿಲ್ಲ."

ಅಕ್ಕ ಎಣ್ಣೆ ತುಂಬಿ, ಮುಚ್ಚಳ ಬಿಗಿದು, ಸೀಟಿನ ಮೇಲೆ ಕೂತು ಗಾಡಿ ಶುರುಮಾಡಿದಳು. ಪೆಡಲ್ ಒತ್ತಿದಳು. ಗಾಡಿ ಕೂತಲ್ಲೇ ಕೂತಿತು. ಇನ್ನಷ್ಟು ಒತ್ತಿದಳು. ಒಳಗಿಂದ ಹಸಿದ ನಾಯಿಮರಿಯ ಕುಂಯ್ ಸದ್ದು, ಅಷ್ಟೇ. ದಿಬ್ಬದ ಮಾತಿರಲಿ, ಸಮತಟ್ಟಿನ ಸಿಮೆಂಟಿನ ಮೇಲೆ ಒಂದು ಬೆರಳು ಸರಿಯಲಿಲ್ಲ.

ಅಕ್ಕ ಎಂಜಿನ್ ಆರಿಸಿದಳು. ಸ್ಟೀರಿಂಗಿನ ಮೇಲಿಂದ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. "ಕೆಡಿಸಿಬಿಟ್ಟೆ ಅನ್ಸುತ್ತೆ ಕಣೋ," ಎಂದಳು. ದನಿ ಸಣ್ಣಗಿತ್ತು.

ಪುಸ್ತಕ, ನಲವತ್ತಮೂರನೇ ಪುಟ, ಚಪ್ಪಲಿ, ಎಲ್ಲಕ್ಕೂ ಸೇರಿಸಿ ತಿರುಗಿಸಿ ಕೊಡಲು ಇಂಥ ಸಮಯ ಮತ್ತೆ ಸಿಗುವುದಿಲ್ಲ. ನನ್ನ ನಾಲಿಗೆಯ ತುದಿಯಲ್ಲಿ ಹದಿನೇಳು ಮಾತುಗಳು ಸಾಲಾಗಿ ನಿಂತಿದ್ದವು. ಆದರೆ ಅಕ್ಕ ಆಗಲೇ ಟಿಕೆಟ್ ಗೂಡಿನಲ್ಲಿ ಕೂತವಳ ಹಾಗೆ ಮೊಣಕಾಲು ಒತ್ತಿಕೊಂಡು ಕೂತಿದ್ದಳು. ಹದಿನೇಳನ್ನೂ ನುಂಗಿದೆ.

"ನೀನೇನೂ ಕೆಡಿಸಿಲ್ಲ. ಇಳಿ. ಒಳಗೆ ಗಾಳಿ ಸೇರ್ಕೊಂಡಿದೆ, ಪಂಪು ಗಾಳೀನ ತಳ್ತಾ ಇದೆ. ಗಾಳಿ ಗಾಡಿ ಎಳೆಯುತ್ತಾ?"

ಇದು ನನಗೆ ನಿಜವಾಗಿ ಗೊತ್ತಿದ್ದ ಕೆಲಸ. ಮುಂದಿನ ಚಕ್ರಕ್ಕೆ ಇಟ್ಟಿಗೆ ಕೊಟ್ಟೆ. ಹಿಂಭಾಗ ಜಾಕಿನಿಂದ ಎತ್ತಿ, ಕೆಳಗೆ ಮರದ ದಿಮ್ಮಿ ಸೇರಿಸಿದೆ, ಚಕ್ರಗಳೆರಡೂ ಗಾಳಿಯಲ್ಲಿ ನೇತಾಡಿದವು. ಗಾಡಿಯನ್ನು ಕೈಯಿಂದ ತಳ್ಳಬೇಕಾದಾಗ ಎಳೆಯುವ ಬೈಪಾಸ್ ಕಡ್ಡಿಯನ್ನು ಎಳೆದಿಟ್ಟೆ. ಅಕ್ಕನನ್ನು ಪಕ್ಕದಲ್ಲಿ ಕೂರಿಸಿ, ಎಂಜಿನ್ ನಿಧಾನಕ್ಕೆ ಇಟ್ಟು, ಸೀಟಿನ ಮೇಲೆ ಕೂತು ಪೆಡಲ್ ಮುಂದಕ್ಕೆ ಒತ್ತಿದೆ.

"ಐದು ಎಣಿಸು."

"ಒಂದು, ಎರಡು, ಮೂರು, ನಾಲ್ಕು, ಐದು."

"ಈಗ ಹಿಂದಕ್ಕೆ. ಮತ್ತೆ ಎಣಿಸು."

ಹೀಗೆ ಮುಂದೆ ಹಿಂದೆ, ಮುಂದೆ ಹಿಂದೆ. ಎಣ್ಣೆಯ ಬಾಯಲ್ಲಿ ಗುಳ್ಳೆ ಬಂದವು. ಒಂದೊಂದು ಗುಳ್ಳೆ ಕುಂಬಳಕಾಯಿಯಷ್ಟಿತ್ತು. ಎಣ್ಣೆ ಇಳಿದಂತೆ ಅಕ್ಕ ಮತ್ತಷ್ಟು ಹಾಕಿದಳು. ಆಮೇಲೆ ಕಡ್ಡಿ ಒಳಗೆ ತಳ್ಳಿ ಅದನ್ನೇ ಮತ್ತೆ ಮಾಡಿದೆವು. ಮೂರನೇ ಸುತ್ತಿಗೆ ಕುಂಯ್ ಸದ್ದು ನಿಂತು ಚಕ್ರ ತಿರುಗಿತು, ಮೊದಲು ಒಲ್ಲದ ಮನಸ್ಸಿನಿಂದ, ಆಮೇಲೆ ಒಂದೇ ಸಮನೆ.

"ಈ ಗಾಳಿ ತೆಗೆಯೋದು ಪುಸ್ತಕದಲ್ಲಿ ಇರ್ಲಿಲ್ಲ," ಎಂದಳು ಅಕ್ಕ, ಮೂಗಿನ ಮೇಲಿನ ಎಣ್ಣೆ ಒರೆಸಿಕೊಳ್ಳುತ್ತಾ.

ಇತ್ತು. ನಲವತ್ತನಾಲ್ಕನೇ ಪುಟದಲ್ಲಿ. ಅವಳು ಬಚ್ಚಲಿಗೆ ಹೋದಾಗ ನೋಡಿದೆ. ಹೇಳಬೇಕಾದ ಅಗತ್ಯ ಕಾಣಲಿಲ್ಲ.

ಶುಕ್ರವಾರ ಹತ್ತಕ್ಕೆ ಟೈ ಸಾಹೇಬರು ಕೈಗಡಿಯಾರ, ಒಂದು ಫಾರಂ, ಎರಡನ್ನೂ ಹಿಡಿದು ದಿಬ್ಬದ ಕೆಳಗೆ ಬಂದು ನಿಂತರು. ಪಕ್ಕದಲ್ಲಿ ನಾನು. ಅಕ್ಕ ಸಮತಟ್ಟಿನ ಮೈದಾನ ಮುಗಿಸುವಷ್ಟರಲ್ಲಿ ಐವತ್ತು ನಿಮಿಷ. ಗಾಡಿಯ ಮೈ ಮೇಲೆ ಬಿಸಿಲು ನಡುಗುತ್ತಿತ್ತು, ಬಾನೆಟ್ಟಿನ ಮೇಲೆ ಅಕ್ಕಿ ಇಟ್ಟಿದ್ದರೆ ಬೇಯುತ್ತಿತ್ತು.

"ಸಾಮಾನ್ಯವಾಗಿ ಎಲ್ಲಿ ನಿಲ್ಲುತ್ತೆ?" ಎಂದು ಸಾಹೇಬರು ಕೇಳಿದರು.

"ಆ ಕಲ್ಲಿನ ಹತ್ತಿರ ಸಾರ್."

ಅಕ್ಕ ದಿಬ್ಬಕ್ಕೆ ತಿರುಗಿಸಿದಳು. ಕಲ್ಲಿನ ಹತ್ತಿರ ಹುಲ್ಲು ದಟ್ಟ. ಗಾಡಿಯ ದನಿ ದಪ್ಪವಾಯಿತು, ವೇಗ ಇಳಿಯಿತು, ಇನ್ನೂ ಇಳಿಯಿತು. ನಾನು ನಿಂತಲ್ಲಿಂದಲೇ ಗಾಡಿಯನ್ನು ತಳ್ಳುವವನಂತೆ ಮುಂದಕ್ಕೆ ಬಾಗಿದೆ, ಸಾಹೇಬರು ಒಮ್ಮೆ ತಿರುಗಿ ನೋಡಿದರು. ಅಕ್ಕ ಪೆಡಲನ್ನು ಅದುಮಲಿಲ್ಲ, ಇದ್ದಷ್ಟೇ ಇಟ್ಟಳು. ಗಾಡಿ ಕಲ್ಲು ದಾಟಿತು. ಆಮೆಯ ಹಾಗೆ, ಆದರೆ ದಾಟಿತು. ದಿಬ್ಬದ ನೆತ್ತಿಗೆ ಹೋಗಿ, ತಿರುಗಿ ಇಳಿದು, ಪಕ್ಕದ ಪಟ್ಟಿ ಹಿಡಿದು ಮತ್ತೆ ಹತ್ತಿತು. ನಾಲ್ಕನೇ ಸಲ ಹತ್ತುವಾಗ ಸಾಹೇಬರು ಗಡಿಯಾರ ಜೇಬಿಗೆ ಹಾಕಿದರು.

"ಸರಿ, ಗಾಡಿ ಇರಲಿ. ಅವರೇ ಓಡಿಸಲಿ," ಎಂದು ಫಾರಂ ನನ್ನ ಕೈಗೆ ಕೊಟ್ಟರು. "ಹಾಕಿದ ಎಣ್ಣೆ ಯಾವುದು, ಆಯ್ಕೆ ಮಾಡಿದವರು ಯಾರು, ಎರಡನ್ನೂ ತುಂಬಿಸಿ. ಮುಂದಿನ ಸಲಕ್ಕೆ ದಾಖಲೆ ಬೇಕು."

ಮೊದಲ ಜಾಗದಲ್ಲಿ ಎಂಜಿನ್ ಆಯಿಲ್ ಎಂದು ಬರೆದೆ. ಅಪ್ಪ ಎಲ್ಲಿದ್ದರೂ ಒಮ್ಮೆ ಸೀನಿರಬೇಕು. ಎರಡನೇ ಜಾಗದಲ್ಲಿ ಪೆನ್ನು ನಿಂತಿತು. ಜಗತ್ತಿನ ಅತ್ಯುತ್ತಮ ಮೆಕ್ಯಾನಿಕ್ಕಿನ ಹೆಸರು ಬರೆಯಲು ಅಲ್ಲಿ ಸಾಕಷ್ಟು ಜಾಗವಿತ್ತು. 'ನನ್ನ ಅಕ್ಕ' ಎಂದು ಬರೆದೆ. ಇರುವೆಯೂ ಬಗ್ಗಿ ಓದಬೇಕು, ಅಷ್ಟು ಸಣ್ಣ ಅಕ್ಷರದಲ್ಲಿ ಬರೆದೆ. ಸಾಹೇಬರು ಕನ್ನಡಕ ತೆಗೆದು ಹಾಕಿಕೊಂಡು ಓದಿದರು, ಓದಿ ನನ್ನನ್ನು ನೋಡಿದರು.

"ಹಾಗಾದ್ರೆ ನೀವೇನು ಮಾಡಿದ್ರಿ?"

"ಗಾಳಿ ತೆಗೆದೆ ಸಾರ್."

ಅಷ್ಟರಲ್ಲಿ ದಿಬ್ಬ ಮುಗಿದಿತ್ತು. ಸಾಹೇಬರು ಸಾಕು ಎಂದು ಕೈ ಬೀಸಿದರು. ಅಕ್ಕ ಅದನ್ನು ಕಂಡೂ ಕಾಣದವಳಂತೆ ಗಾಡಿ ತಿರುಗಿಸಿ, ನಾವು ನಿಂತಿದ್ದ ಪಟ್ಟಿಯ ಕಡೆಗೇ ನೇರವಾಗಿ ಬಂದಳು.

"ಸರ್ಕೊಳ್ರೋ ಇಬ್ರೂ," ಎಂದು ಸೀಟಿನ ಮೇಲಿಂದ ಕೂಗಿದಳು, "ಕಾಲ ಕೆಳಗಿರೋ ಹುಲ್ಲು ಬಾಕಿ ಇದೆ."

ಟೈ ಸಾಹೇಬರು ನನಗಿಂತ ಮೊದಲು ಸರಿದರು.