ನಂಟರ ಮಂಚ

ವಾರ್ಡಿನ ಸಿಂಕಿನ ಪಕ್ಕದ ಮಂಚಕ್ಕೆ ಆಸ್ಪತ್ರೆಯವರೆಲ್ಲ ನಂಟರ ಮಂಚ ಎನ್ನುತ್ತಿದ್ದರು. ನರ್ಸುಗಳ ಮೇಜಿಗೆ ಅದೇ ಹತ್ತಿರ. ಅಲ್ಲಿ ನರಳಿದರೆ ಯಾರಾದರೂ ತಿರುಗಿ ನೋಡುತ್ತಾರೆ. ಉಳಿದವರು ಗಂಟಲು ಹರಿಯುವಂತೆ ಕೂಗಬೇಕು. ಹೀಗಾಗಿ ಅಲ್ಲಿ ಕೆಲಸ ಮಾಡುವವರ ಮನೆಯಲ್ಲಿ ಯಾರಿಗೆ ಆಪರೇಷನ್ ಆದರೂ ಆ ಜಾಗ ಅವರಿಗೇ ಮೀಸಲು. ಎಲ್ಲರೂ ಅಕ್ಕ ಎಂದು ಕರೆಯುವ ಹಿರಿಯ ನರ್ಸ್ ತನ್ನ ಸ್ವಂತ ತಂಗಿಯನ್ನೂ ಅಲ್ಲೇ ಮಲಗಿಸಿದ್ದಳು. ಅದಕ್ಕಾಗಿ ಒಬ್ಬ ಮುದುಕಿಯನ್ನು ಮೂಲೆಗೆ ಸರಿಸಿದ್ದಳು.

ತಂಗಿಯ ಪಿತ್ತಕೋಶ ತೆಗೆದಿದ್ದರು. ಹೊಲಿಗೆ ಹೊಟ್ಟೆಗಷ್ಟೇ ಬಿದ್ದಿತ್ತು, ಬಾಯಿಗಲ್ಲ.

"ಏನು ವೈಭೋಗ ಅಕ್ಕಾ ನಂದು! ಮುಖ ತೊಳೆಯೋಕೂ ಏಳ್ಬೇಕಾಗಿಲ್ಲ. ನೀವೆಲ್ಲ ನಲ್ಲಿ ತಿರುಗಿಸಿದಾಗೆಲ್ಲ ನನಗೆ ಪನ್ನೀರು."

"ಸುಮ್ನೆ ಬಿದ್ಕೊಳ್ಳೇ, ಹೊಲಿಗೆ ಬಿಚ್ಚೀತು," ಎಂದು ಅಕ್ಕ ನಗುತ್ತಲೇ ಡ್ರಿಪ್ ಬಾಟಲಿಯ ತಳದಲ್ಲಿ ಉಳಿದದ್ದನ್ನು ಸಿಂಕಿಗೆ ಸುರಿದಳು. ಎಲ್ಲರೂ ಸುರಿಯುತ್ತಿದ್ದರು. ಗ್ಲೂಕೋಸು, ಸಿರಿಂಜಿನಲ್ಲಿ ಮಿಕ್ಕ ಆ್ಯಂಟಿಬಯೋಟಿಕ್, ತಣ್ಣಗಾದ ಟೀ. ಕಸದ ಕೋಣೆ ಇದ್ದದ್ದು ಕೆಳಗಿನ ಮಹಡಿಯಲ್ಲಿ. ಇಬ್ಬರೇ ನರ್ಸುಗಳನ್ನು ಇಟ್ಟು ಇಡೀ ವಾರ್ಡು ನಡೆಸುವ ಕಡೆ, ಅರ್ಧ ಬಾಟಲಿ ಹಿಡಿದು ಮೆಟ್ಟಿಲಿಳಿಯಲು ಯಾರಿಗೆ ಪುರುಸೊತ್ತು?

ಊಟದ ಹೊತ್ತು ಮುಗಿದ ಮೇಲೆ ಲ್ಯಾಬಿನ ಡಾಕ್ಟರಮ್ಮ ಬಂದರು. ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತು ಅಕ್ಕನನ್ನು ಕರೆದರು.

"ಸಿಂಕಿನ ಹತ್ರ ಇರೋದು ನಿಮ್ಮ ತಂಗಿನಾ ಸಿಸ್ಟರ್?"

"ಹೌದು ಮೇಡಂ. ನಾಳೆ ನಾಳಿದ್ದರಲ್ಲಿ ಮನೆಗೆ ಕಳಿಸ್ತಾರೆ."

ಡಾಕ್ಟರಮ್ಮ ದನಿ ತಗ್ಗಿಸಿದರು. "ನಮ್ಮ ಆಸ್ಪತ್ರೆ ಅಡುಗೆಯವನ ಅಪ್ಪ ತೀರಿಕೊಂಡ್ರಲ್ಲ, ಅವರ ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾನೇ ಈ ಸಿಂಕಿನ ಪೈಪಿನ ಲೋಳೆಲೂ ಸಿಕ್ಕಿದೆ. ನಮ್ಮ ಹತ್ರ ಇರೋ ಯಾವ ಔಷಧಿಗೂ ಅದು ಜಗ್ಗಲ್ಲ. ನೀರು ಬಿಟ್ಟಾಗ ಸಿಂಕಿನ ತೂತಿಂದ ಹನಿ ಹಾರುತ್ತೆ, ಅದರ ಜೊತೆ ಇದೂ ಹಾರುತ್ತೆ. ಮಿಕ್ಕ ಮದ್ದು, ಸಕ್ಕರೆ ನೀರು ಕುಡಿಸಿ ಕುಡಿಸಿ ನಾವೇ ಅದನ್ನ ಸಾಕಿದ್ದೀವಿ."

"ಯಾವಾಗ ಗೊತ್ತಾಯ್ತು ಇದು?"

"ಹೋದ ತಿಂಗಳೇ ಸೂಪರಿಂಟೆಂಡೆಂಟರಿಗೆ ಹೇಳಿದೆ. ನೋಡೋಣ ಅಂದ್ರು."

ಅಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಡುಗೆಯವನ ಅಪ್ಪ. ಅವರಿಗಿಂತ ಮುಂಚೆ ಡ್ರೈವರನ ಹೆಂಡತಿ. ಅದಕ್ಕೂ ಮುಂಚೆ ಜೊತೆಯ ನರ್ಸಿನ ಅತ್ತೆ. ಎಲ್ಲರೂ ಅದೇ ಮಂಚದ ಮೇಲೆ ಎದ್ದು ಕೂತು ಮನೆಗೆ ಹೋಗುವ ಮಾತಾಡುತ್ತಿದ್ದವರು. ಆಮೇಲೆ ಚಳಿ, ಆಮೇಲೆ ಜ್ವರ, ಆಮೇಲೆ ಬಿಳಿ ಬಟ್ಟೆ. ಹೊರಗಿನವರಾಗಿದ್ದರೆ ಬಾಗಿಲು ಮುರಿಯುತ್ತಿದ್ದರು. ಇವರು ಒಳಗಿನವರು, ಎಷ್ಟು ಚೆನ್ನಾಗಿ ನೋಡಿಕೊಂಡಿರಿ ಎಂದು ಕೈ ಮುಗಿದು ಹೆಣ ಎತ್ತಿಕೊಂಡು ಹೋದರು. ಆ ಮುಗಿದ ಕೈಗಳನ್ನೇ ತಲೆದಿಂಬು ಮಾಡಿಕೊಂಡು ಆಡಳಿತ ಗೊರಕೆ ಹೊಡೆಯುತ್ತಿತ್ತು.

ಅವಳು ಮಂಚದ ಬಳಿಗೆ ಓಡಿದಳು. ದಿಂಬಿನ ಅಂಚು ಒದ್ದೆಯಾಗಿತ್ತು. ತಂಗಿಯ ಮುಂಗೈಗೆ ಚುಚ್ಚಿದ ಸೂಜಿಯ ಪಟ್ಟಿಯ ಮೇಲೆ ಪುಟ್ಟ ಪುಟ್ಟ ಹನಿಗಳು. ಒರೆಸುವ ಮುಂಚೆ ಕೈ ತೊಳೆಯಬೇಕೆಂದು, ಕಲಿತ ರೂಢಿಯಂತೆ, ಬೆರಳುಗಳು ನಲ್ಲಿಯತ್ತ ಚಾಚಿದವು. ಹಾವಿನ ಹೆಡೆ ಸೋಕಿದವಳಂತೆ ಕೈ ಹಿಂದಕ್ಕೆ ಎಳೆದುಕೊಂಡಳು.

ಬ್ರೇಕು ತೆಗೆದು ಮಂಚವನ್ನು ದೂಡತೊಡಗಿದಳು.

"ಎಲ್ಲಿಗೇ ಅಕ್ಕಾ? ಮೆರವಣಿಗೆನಾ?"

"ಮಾತಾಡ್ಬೇಡ."

ಕಾರಿಡಾರಿನಲ್ಲಿ ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಮೇಲೆ ತಳುಕು, ಒಳಗೆ ಹುಳುಕು. ಬೆನ್ನ ಹಿಂದೆ ಕೈಕಟ್ಟಿ ಮೇಲ್ವಿಚಾರಣೆ ನಡೆಸುತ್ತಿದ್ದ ಸೂಪರಿಂಟೆಂಡೆಂಟ್ ಮಂಚ ಕಂಡು ಗುಡುಗಿದರು.

"ಏನ್ ಸಿಸ್ಟರ್ ಇದು? ನಾಳೆ ಮಂತ್ರಿಗಳು ಬರೋ ದಾರಿ!"

"ಬರಲಿ ಸಾರ್. ಆ ಸಿಂಕಿನ ಪೈಪು ಕೀಳೋ ತನಕ ನನ್ನ ತಂಗಿ ಇಲ್ಲೇ. ಅಲ್ಲಿಗೆ ಇನ್ಯಾರನ್ನೂ ಹಾಕೋಕೆ ಬಿಡಲ್ಲ."

ಅವರ ದನಿ ತಟ್ಟನೆ ಮೆತ್ತಗಾಯಿತು. "ಪೈಪು ಕಿತ್ರೆ ವಾರ್ಡ್ ಮುಚ್ಬೇಕು. ಮುಚ್ಚಿದ್ರೆ ಪೇಪರಿನವರು ಮೂಸ್ಕೊಂಡು ಬರ್ತಾರೆ. ನೀವು ಒಳಗಿನವರು, ನಿಮಗೇ ಅರ್ಥ ಆಗ್ದಿದ್ರೆ ಹೇಗಮ್ಮಾ? ಹೊಸ ಕಟ್ಟಡದ ಉದ್ಘಾಟನೆ ಒಂದು ಮುಗೀಲಿ. ಮಂಚ ಒಳಗೆ ತಳ್ಳಿ."

"ನೀವೇ ತಳ್ಳಿ ಸಾರ್."

"ಏನಂದ್ರಿ?"

"ಆ ಕಂಬಿ ಹಿಡ್ಕೊಂಡು ಒಂದೇ ಒಂದ್ಸಲ ತಳ್ಳಿ. ಆಮೇಲೆ ನಾನು ಪಿಟಕ್ಕನ್ನಲ್ಲ."

ಬಣ್ಣದವನ ಬ್ರಷ್ ಗೋಡೆಯ ಮೇಲೆ ನಿಂತಿತು. ಸೂಪರಿಂಟೆಂಡೆಂಟರ ಕೈ ಬೆನ್ನ ಹಿಂದಿನಿಂದ ಬಂದಿತು. ಕಂಬಿಯ ಹತ್ತಿರ ಹೋಯಿತು. ಒಂದು ಗೇಣು ದೂರದಲ್ಲಿ ತಡೆದು, ಬೆರಳು ಮಡಿಚಿ, ಪ್ಯಾಂಟಿನ ಜೇಬಿಗೆ ಇಳಿಯಿತು.

"ಶಿಸ್ತುಕ್ರಮ ಆಗುತ್ತೆ, ನೋಡ್ತಿರಿ," ಎಂದು ಅವರು ಗೋಡೆಯ ಪಕ್ಕಕ್ಕೆ ಒತ್ತಿಕೊಂಡು, ಹಸಿ ಬಣ್ಣ ತೋಳಿಗೆ ಮೆತ್ತಿದರೂ ಮಂಚಕ್ಕೆ ಸೋಕದಂತೆ ದಾಟಿ ಹೋದರು.

ತಂಗಿ ಅವರ ಬೆನ್ನನ್ನೇ ನೋಡುತ್ತಿದ್ದಳು. ಮುಖದಲ್ಲಿ ತಮಾಷೆ ಉಳಿದಿರಲಿಲ್ಲ.

"ಅಕ್ಕಾ, ಅವರ್ಯಾಕೆ ಮಂಚ ಮುಟ್ಟಲಿಲ್ಲ?"

ಅಕ್ಕ ಬಗ್ಗಿ ಮಂಚದ ಬ್ರೇಕು ಹಾಕಿದಳು.

"ಹೇಳೇ. ನನಗೇನಾಗಿದೆ?" ತಂಗಿ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡಳು. "ಮೊದ್ಲು ಆ ಫ್ಯಾನ್ ಆರ್ಸು. ಚಳಿ ಆಗ್ತಿದೆ."

ಆ ಕಾರಿಡಾರಿನಲ್ಲಿ ಫ್ಯಾನೇ ಇರಲಿಲ್ಲ. ಬಣ್ಣದವನು ತೋಳಿನಿಂದ ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದ. ತಂಗಿಯ ಹಣೆ ಮುಟ್ಟಲೆಂದು ಎತ್ತಿದ ಅಕ್ಕನ ಕೈ ಗಾಳಿಯಲ್ಲೇ ನಿಂತಿತು. ಬೆಳಗಿನಿಂದ ಈ ಕೈಯನ್ನು ಅವಳು ತೊಳೆದದ್ದೆಲ್ಲ ಆ ಸಿಂಕಿನಲ್ಲೇ.

ಹಿಂದೆ, ವಾರ್ಡಿನೊಳಗೆ, ಯಾರೋ ನಲ್ಲಿ ತಿರುಗಿಸಿದರು.